ಬೂಸ್ಟ್ ಮಾಡೋಕೆ ಅದೇನು ಬೈಸೆಪ್ಸಾ?

ಮೊನ್ನೆ ನಮ್ಮ ಆಫೀಸಿನ ಪ್ಯಾಂಟ್ರಿಗೆ ಹೊಸ ಫ್ರಿಜ್ಜು ಬಂತು. ಬಾಗಿಲು ತೆರೆದರೆ ಸಾಲಾಗಿ ಹೆಬ್ಬೆರಳುದ್ದದ ಗಾಜಿನ ಬಾಟಲಿಗಳು. ಒಳಗೆ ಅರಿಶಿನ ಬಣ್ಣದ ರಸ, ಮೇಲೆ ‘ಇಮ್ಯುನಿಟಿ ಶಾಟ್’ ಅನ್ನೋ ಚೀಟಿ. ಶುಂಠಿ, ಅರಿಶಿನ, ನೆಲ್ಲಿಕಾಯಿ, ಕಾಳುಮೆಣಸು. ಒಂದಕ್ಕೆ 120 ರೂಪಾಯಿ. ಈ ತಿಂಗಳು ಮಾತ್ರ ಕಂಪನಿ ಲೆಕ್ಕ, ಯಾಕಂದ್ರೆ ನಮ್ಮಲ್ಲಿ ಇದು ‘ವೆಲ್‌ನೆಸ್ ತಿಂಗಳು’.

ಪಕ್ಕದ ಟೀಮಿನ ಹುಡುಗ ಒಂದನ್ನ ಗಟಗಟ ಕುಡಿದು, ಮುಖ ಕಿವುಚಿ, “ಇನ್ನು ಯಾವ ವೈರಸ್ ಬಂದ್ರೂ ಬರ್ಲಿ” ಅಂದ. ಎಲ್ಲರೂ ನಕ್ಕರು. ನನ್ನ ಕೈಯಲ್ಲೂ ಒಂದು ಬಾಟಲಿ ಇತ್ತು. ತಿರುಗಿ ಫ್ರಿಜ್ಜಲ್ಲಿಟ್ಟು ಸೀಟಿಗೆ ಬಂದೆ. ಯಾಕೆ ಅಂತ ಅವನಿಗೆ ಪ್ಯಾಂಟ್ರಿಯಲ್ಲಿ ನಿಂತು ಹೇಳೋಕೆ ಆಗ್ತಿರಲಿಲ್ಲ. ಇಲ್ಲಿ ಹೇಳ್ತೀನಿ.

ಶುಂಠಿ ಮೇಲೆ ನನಗೆ ಸಿಟ್ಟಿಲ್ಲ, ಮೊದಲೇ ಹೇಳಿಬಿಡ್ತೀನಿ. ಸಿಟ್ಟು ಇರೋದು ಆ ಚೀಟಿಯ ಮೇಲೆ. ಇಮ್ಯುನಿಟಿ ಅನ್ನೋದು ಸಂಬಳದ ಹಾಗೆ, ಫೋನಿನ ಚಾರ್ಜಿನ ಹಾಗೆ, ಹೆಚ್ಚಾದಷ್ಟೂ ಒಳ್ಳೇದು ಅಂತ ನಮ್ಮೆಲ್ಲರ ತಲೆಯಲ್ಲಿ ಕೂತುಬಿಟ್ಟಿದೆಯಲ್ಲ, ಆ ನಂಬಿಕೆಯ ಮೇಲೆ. ಇದೇ ನಂಬಿಕೆ ಇಟ್ಟುಕೊಂಡು ನಾನು ಒಂದು ಮಗುವಿನ ವಿಷಯದಲ್ಲಿ ತಪ್ಪು ಮಾಡಿದ್ದೀನಿ. ಹಾಗಾಗಿ ಇದು ಬೇರೆಯವರಿಗೆ ಬೈಯೋ ಬರಹ ಅಂದ್ಕೋಬೇಡಿ, ಬೈಗುಳದ ಮೊದಲ ಪಾಲು ನನಗೇ.

*

ನಮ್ಮ ಮನೆಗೆ ಅಡುಗೆಗೆ ಬರೋ ಲಕ್ಷ್ಮಮ್ಮ ಕುಣಿಗಲ್ ಕಡೆಯವರು. ಗಂಡ, ಅತ್ತೆ, ಮೂರು ಮಕ್ಕಳು, ಎಲ್ಲರೂ ಸೇರಿ ಒಂದು ಶೀಟಿನ ಮನೆ. ಮನೆ ಅಂದ್ರೆ ಒಂದು ಕೋಣೆ. ರಾತ್ರಿ ಆರು ಜನ ಸಾಲಾಗಿ ಮಲಗಿದರೆ ಬಾಗಿಲು ತೆರೆಯೋಕೆ ಜಾಗ ಇರಲ್ಲ. ನಡುವಿನ ಮಗಳು ಪವಿತ್ರ. ಆಗ ಅವಳಿಗೆ 11 ವರ್ಷ.

ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ, ಅವಳಿಗೆ ಗಂಟಲು ನೋವು ಬಂತು. ಜ್ವರವೂ ಇತ್ತು. ನಾಲ್ಕೈದು ದಿನಕ್ಕೆ ತಾನಾಗೇ ಹೋಯ್ತು, ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ಮೂರು ವಾರ ಕಳೆದ ಮೇಲೆ ಮಂಡಿ ಊದಿಕೊಂಡಿತು. ಎರಡು ದಿನಕ್ಕೆ ಮಂಡಿ ಇಳಿಯಿತು, ಪಾದದ ಗಂಟು ಊದಿತು. ಆಮೇಲೆ ಮೊಣಕೈ. “ಅಕ್ಕಾ, ಈ ನೋವು ಒಂದ್ ಕಡೆ ನಿಲ್ತಿಲ್ಲ, ಮೈಯೆಲ್ಲಾ ಓಡಾಡ್ತೈತೆ” ಅಂದರು ಲಕ್ಷ್ಮಮ್ಮ, ಚಪಾತಿ ಲಟ್ಟಿಸುತ್ತಾ. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, “ಇಮ್ಯುನಿಟಿ ವೀಕ್ ಆಗಿರ್ಬೇಕು ಲಕ್ಷ್ಮಮ್ಮ” ಅಂದೆ. ದೊಡ್ಡ ಉಪಕಾರ ಮಾಡೋಳ ಹಾಗೆ, ನಾನು ತಿಂಗಳು ತಿಂಗಳು ತರಿಸುತ್ತಿದ್ದ ಅಮೃತಬಳ್ಳಿ ಸಿರಪ್ಪು, ಒಂದು ಡಬ್ಬಿ ಚ್ಯವನಪ್ರಾಶ ಕೊಟ್ಟು ಕಳಿಸಿದೆ.

ಒಂದು ತಿಂಗಳು ಆ ಹುಡುಗಿ ಅದನ್ನ ಶ್ರದ್ಧೆಯಿಂದ ತಿಂದಳು. ಒಂದು ದಿನ ಶಾಲೆಯ ಮೆಟ್ಟಿಲು ಹತ್ತುವಾಗ ಏದುಸಿರು ಬಂದು ಅಲ್ಲೇ ಕೂತುಬಿಟ್ಟಳು. ಆಸ್ಪತ್ರೆ, ಅಲ್ಲಿಂದ ಇನ್ನೊಂದು ಆಸ್ಪತ್ರೆ, ಕೊನೆಗೆ ಎಕೋ. ಹೃದಯದ ಎಡಭಾಗದ ಮೈಟ್ರಲ್ ಕವಾಟ ಸರಿಯಾಗಿ ಮುಚ್ಚಿಕೊಳ್ಳದೆ ರಕ್ತ ಹಿಂದಕ್ಕೆ ಸೋರುತ್ತಿತ್ತು. ಜೊತೆಗೆ ಹೋಗಿದ್ದ ನಾನು ಸುಮ್ಮನಿರದೆ, “ಅವಳ ಇಮ್ಯುನಿಟಿ ಸ್ವಲ್ಪ ವೀಕು ಡಾಕ್ಟ್ರೇ” ಅಂದೆ. ವಯಸ್ಸಾದ ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. “ವೀಕ್ ಏನಿಲ್ಲಮ್ಮ. ಇವಳ ಹಾರ್ಟನ್ನ ಹೊಡೀತಾ ಇರೋದೇ ಇವಳ ಇಮ್ಯುನಿಟಿ.”

ಆ ಸಾಲು ಕೇಳಿ ಬಂದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆ. ಓದಿ ತಿಳಿದದ್ದು ಇಷ್ಟು.

*

ಪವಿತ್ರಳಿಗೆ ಬಂದದ್ದು ರುಮ್ಯಾಟಿಕ್ ಜ್ವರ, ಸಂಧಿವಾತ ಜ್ವರ ಅಂತಲೂ ಅನ್ನುತ್ತಾರೆ. ಇದು ಕೀಲುಗಳನ್ನು ನೆಕ್ಕಿ ಹೃದಯವನ್ನು ಕಚ್ಚುತ್ತದೆ ಅನ್ನೋದು ವೈದ್ಯರ ನಡುವಿನ ಹಳೇ ಮಾತು. ಓಡಾಡುವ ಕೀಲುನೋವು ಬಂದು ಹೋಗುತ್ತದೆ, ಅದರಿಂದ ಕೀಲಿಗೆ ಶಾಶ್ವತ ಹಾನಿ ಇಲ್ಲ. ಹೃದಯದ ಕವಾಟಕ್ಕೆ ಬಿದ್ದ ಏಟು ಮಾತ್ರ ಉಳಿದುಬಿಡುತ್ತದೆ.

ಶುರುವಾಗೋದು ಗಂಟಲಲ್ಲಿ, ಗ್ರೂಪ್ ಎ ಸ್ಟ್ರೆಪ್ಟೋಕಾಕಸ್ ಅನ್ನೋ ಬ್ಯಾಕ್ಟೀರಿಯಾದಿಂದ. ಅದರ ಮೈಮೇಲೆ ಎಂ ಪ್ರೋಟೀನ್ ಅನ್ನೋದು ಕೂದಲಿನ ಹಾಗೆ ಎದ್ದು ನಿಂತಿರುತ್ತದೆ. ಎರಡು ಎಳೆ ಹೊಸೆದ ಹಗ್ಗದಂತೆ ಅದರ ರಚನೆ. ನಮ್ಮ ಹೃದಯದ ಸ್ನಾಯುವಿನಲ್ಲಿರುವ ಮಯೋಸಿನ್ ಕೂಡ ಅಂಥದೇ ಹೊಸೆದ ಹಗ್ಗ. ಬ್ಯಾಕ್ಟೀರಿಯಾ ಕಂಡ ಕೂಡಲೇ ದೇಹದ ಬಿ ಕಣಗಳು ಅದನ್ನು ಗುರುತಿಸುವ ಆ್ಯಂಟಿಬಾಡಿಗಳನ್ನು ತಯಾರಿಸುತ್ತವೆ. ಇಲ್ಲಿಯವರೆಗೆ ಎಲ್ಲಾ ಸರಿ. ಆದರೆ ಕೆಲವರ ದೇಹದಲ್ಲಿ ಈ ಆ್ಯಂಟಿಬಾಡಿಗಳಿಗೆ ಬ್ಯಾಕ್ಟೀರಿಯಾಕ್ಕೂ ಹೃದಯಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ “ಕೆಂಪು ಟೀಶರ್ಟಿನ ಕಳ್ಳ ಬಂದಿದ್ದಾನೆ, ಹುಷಾರು” ಅಂತ ಒಂದು ಮೆಸೇಜು ಬಂತು ಅಂದ್ಕೊಳ್ಳಿ. ಕಳ್ಳ ಎಂದೋ ಓಡಿಹೋದ. ಆದರೆ ಮೂರು ವಾರ ಆದ ಮೇಲೂ ಕೆಂಪು ಟೀಶರ್ಟು ಹಾಕಿಕೊಂಡು ಊಟ ತಂದುಕೊಡೋ ಹುಡುಗನನ್ನ ಗೇಟಲ್ಲಿ ಹಿಡಿದು ಬಡೀತಾರೆ. ಸೆಕ್ಯೂರಿಟಿಯವರ ತೋಳಿನಲ್ಲಿ ಬಲ ಕಡಿಮೆ ಇದ್ದದ್ದು ಇಲ್ಲಿನ ಸಮಸ್ಯೆಯಾ? ಇನ್ನೂ ನಾಲ್ಕು ಜನ ಗಟ್ಟಿಮುಟ್ಟಾದವರನ್ನ ಗೇಟಿಗೆ ನಿಲ್ಲಿಸಿದ್ರೆ ಆ ಹುಡುಗನ ಗತಿ ಏನು? ನಾನು ಸಿರಪ್ಪು ಕೊಟ್ಟಾಗ ನನ್ನ ಮನಸ್ಸಿನಲ್ಲಿದ್ದ ಉಪಾಯ ಅದೇ.

ಆ್ಯಂಟಿಬಾಡಿಗಳು ಕವಾಟದ ಮೇಲ್ಪದರಕ್ಕೆ ಅಂಟಿಕೊಂಡಾಗ ಆ ಪದರ ಉರಿಗೊಳ್ಳುತ್ತದೆ. ಉರಿಗೊಂಡ ಪದರ ರಕ್ತದಲ್ಲಿ ಹರಿದುಹೋಗುತ್ತಿರುವ ಟಿ ಕಣಗಳನ್ನು ಹಿಡಿದು ಒಳಕ್ಕೆ ಬಿಡುತ್ತದೆ. ಅಂದರೆ ಬಾಗಿಲು ಒಡೆಯೋದು ಆ್ಯಂಟಿಬಾಡಿ, ಒಳನುಗ್ಗಿ ಹಾಳು ಮಾಡೋದು ಟಿ ಕಣ. ಬ್ರೆಜಿಲಿನ ಸಾವೊ ಪಾಲೊದಲ್ಲಿ ಸಂಶೋಧಕರು ರುಮ್ಯಾಟಿಕ್ ರೋಗಿಗಳ ಹೃದಯದಿಂದ, ಶಸ್ತ್ರಚಿಕಿತ್ಸೆ ವೇಳೆ ತೆಗೆದ ತುಣುಕುಗಳಿಂದ, ಟಿ ಕಣಗಳನ್ನು ಬೇರ್ಪಡಿಸಿ ಬೆಳೆಸಿದರು. ಒಂದೇ ಟಿ ಕಣದ ಸಂತತಿ ಸ್ಟ್ರೆಪ್ಟೋಕಾಕಸ್ಸಿನ ಪ್ರೋಟೀನನ್ನೂ ಗುರುತಿಸಿತು, ಹೃದಯದ ಪ್ರೋಟೀನನ್ನೂ ಗುರುತಿಸಿತು. 1995ರಲ್ಲಿ ಪ್ರಕಟವಾದ ಕೆಲಸ ಇದು. ಎರಡು ಶರ್ಟೂ ಅದಕ್ಕೆ ಕೆಂಪೇ.

ಆರೋಗ್ಯವಂತ ಕವಾಟ ತೆಳ್ಳಗೆ ಇರುತ್ತದೆ, ಅದರೊಳಗೆ ರಕ್ತನಾಳಗಳೇ ಇಲ್ಲ ಅನ್ನಬಹುದು. ಉರಿಯೂತ ಬಂದ ಮೇಲೆ ಅಲ್ಲಿ ರಕ್ತನಾಳ ಚಿಗುರುತ್ತವೆ, ಅಂದರೆ ಮುಂದಿನ ಸಲ ದಾಳಿಗೆ ಬರುವ ಕಣಗಳಿಗೆ ರಸ್ತೆ ಸಿದ್ಧ. ಮತ್ತೊಮ್ಮೆ ಗಂಟಲು ಸೋಂಕು, ಮತ್ತೊಮ್ಮೆ ದಾಳಿ, ಮತ್ತಷ್ಟು ಗಾಯದ ಕಲೆ. ಕವಾಟ ದಪ್ಪಗಾಗಿ, ಗಡುಸಾಗಿ, ಅಂಚುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇಪ್ಪತ್ತು, ಮೂವತ್ತರ ವಯಸ್ಸಿಗೆ ಹೃದಯ ಸೋಲುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತಾಗೋದೇ ಬಸುರಿಯಾದಾಗ, ಏದುಸಿರು ಶುರುವಾದಾಗ.

*

“ದೇಹ ತನ್ನನ್ನೇ ಹೊಡೆಯೋದಾ? ಹೇಗೆ ಸಾಧ್ಯ?” ಅಂತ ನಿಮಗನ್ನಿಸಿದ್ರೆ ನಾಚಿಕೆ ಬೇಡ. ವಿಜ್ಞಾನಿಗಳೂ ಐವತ್ತು ವರ್ಷ ಹಾಗೇ ಅಂದ್ಕೊಂಡಿದ್ದರು. 1900ರ ಹೊತ್ತಿಗೆ ಜರ್ಮನಿಯ ಪಾಲ್ ಏರ್ಲಿಕ್ ಇದಕ್ಕೆ ‘ಹಾರರ್ ಆಟೊಟಾಕ್ಸಿಕಸ್’ ಅಂತ ಹೆಸರಿಟ್ಟರು. ತನಗೆ ತಾನೇ ವಿಷವಾಗುವುದಕ್ಕೆ ದೇಹ ಹೆದರುತ್ತದೆ ಅನ್ನೋ ಅರ್ಥ. ಆಮೇಲೆ ಬಂದವರು ಅದನ್ನೇ ಕಟ್ಟಳೆ ಮಾಡಿಕೊಂಡರು. 1956ರಲ್ಲಿ ಅಮೆರಿಕದ ಬಫಲೋದಲ್ಲಿ ನೋಯಲ್ ರೋಸ್ ಅನ್ನೋ ಯುವಕ, ತನ್ನ ಗುರು ಎರ್ನೆಸ್ಟ್ ವಿಟೆಬ್ಸ್ಕಿ ಜೊತೆ, ಮೊಲಗಳಿಗೆ ಮೊಲದ್ದೇ ಥೈರಾಯ್ಡ್ ಪ್ರೋಟೀನು ಚುಚ್ಚಿ, ಅವು ತಮ್ಮ ಥೈರಾಯ್ಡನ್ನು ತಾವೇ ಹಾಳು ಮಾಡಿಕೊಂಡದ್ದನ್ನು ತೋರಿಸಿದಾಗ ಕಟ್ಟಳೆ ಬಿರುಕು ಬಿಟ್ಟಿತು. ಮುಂದೆ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ರೋಸ್ ಮತ್ತು ಅವರ ಜೊತೆಗಾರರು ಹೃದಯದ ಕಡೆ ತಿರುಗಿದರು. 1987ರಲ್ಲಿ ಕೆಲವು ತಳಿಯ ಇಲಿಗಳಿಗೆ ಹೃದಯದ ಮಯೋಸಿನ್ ಚುಚ್ಚಿದರು. ವೈರಸ್ ಇಲ್ಲ, ಬ್ಯಾಕ್ಟೀರಿಯಾ ಇಲ್ಲ. ಆದರೂ ಹೃದಯದ ಸ್ನಾಯು ಊದಿಕೊಂಡಿತು.

ಈಗ ನನ್ನನ್ನು ನಿಜವಾಗಿ ಹೆದರಿಸಿದ ವಿಷಯಕ್ಕೆ ಬರ್ತೀನಿ. ಟಿ ಕಣಗಳಿಗೆ ಎದೆಗೂಡಿನ ಮೇಲ್ಭಾಗದಲ್ಲಿರೋ ಥೈಮಸ್ ಗ್ರಂಥಿಯೇ ಪಾಠಶಾಲೆ. ಅಲ್ಲಿ ದೇಹದ ಪ್ರೋಟೀನುಗಳನ್ನು ಒಂದೊಂದಾಗಿ ತೋರಿಸುತ್ತಾರೆ. ನಮ್ಮವರ ಮೇಲೇ ಹರಿಹಾಯುವ ಕಣ ಫೇಲು, ಫೇಲಾದವು ಅಲ್ಲೇ ಸಾಯುತ್ತವೆ. ಆದರೆ 2011ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹೇಳಿದ್ದು: ಹೃದಯದ ಆಲ್ಫಾ ಮಯೋಸಿನ್ ಈ ಶಾಲೆಯ ಸಿಲಬಸ್ಸಿನಲ್ಲೇ ಇಲ್ಲ. ಇಲಿಗಳಲ್ಲೂ ಇಲ್ಲ, ಮನುಷ್ಯರಲ್ಲೂ ಇಲ್ಲ. ಹಾಗಾಗಿ ಹೃದಯದ ಮೇಲೆ ಎರಗಬಲ್ಲ ಟಿ ಕಣಗಳು ಪರೀಕ್ಷೆಯನ್ನೇ ಬರೆಯದೆ ಪಾಸಾಗಿ ಹೊರಗೆ ಬಂದಿರುತ್ತವೆ. ಪವಿತ್ರಳ ಮೈಯಲ್ಲಿ ಮಾತ್ರ ಅಲ್ಲ. ಆರೋಗ್ಯವಾಗಿರೋ ನಮ್ಮ ನಿಮ್ಮ ಮೈಯಲ್ಲೂ, ಶಾಟ್ ಕುಡಿದ ಆ ಹುಡುಗನ ಮೈಯಲ್ಲೂ.

ಹಾಗಾದರೆ ನಾವೆಲ್ಲ ಯಾಕೆ ಚೆನ್ನಾಗಿದ್ದೀವಿ? ಯಾಕಂದ್ರೆ ಆ ಕಣಗಳನ್ನ ಹಿಡಿದಿಡೋ ಬ್ರೇಕುಗಳಿವೆ. ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ತೋರಿಸಿದ್ದು ಅಂಥ ಬ್ರೇಕನ್ನೇ: ಬೇರೆ ಟಿ ಕಣಗಳನ್ನು ಸುಮ್ಮನಿರಿಸುವುದೇ ಕೆಲಸವಾಗಿರುವ ಟಿ ಕಣಗಳು, ರೆಗ್ಯುಲೇಟರಿ ಟಿ ಕಣಗಳು. 2001ರಲ್ಲಿ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಒಂದು ಜೀನನ್ನು ಹುಡುಕಿದರು, ಹೆಸರು ಫಾಕ್ಸ್‌ಪಿ3. ಈ ಕಣಗಳು ಸರಿಯಾಗಿ ರೂಪುಗೊಳ್ಳೋದೇ ಆ ಜೀನಿನಿಂದ ಅಂತ ಆಮೇಲೆ ಗೊತ್ತಾಯಿತು. ಅದು ಕೆಟ್ಟು ಹುಟ್ಟಿದ ಗಂಡುಮಕ್ಕಳಲ್ಲಿ ದೇಹ ತನ್ನ ಕರುಳು, ಚರ್ಮ, ಮೇದೋಜೀರಕ ಗ್ರಂಥಿ ಎಲ್ಲವನ್ನೂ ಹೊಡೆಯುತ್ತದೆ. 2025ರ ವೈದ್ಯಕೀಯ ನೊಬೆಲ್ ಈ ಮೂವರಿಗೆ ಬಂತು. ಅದೇ ವಾರ ನನ್ನ ಫೋನಿಗೆ ಬಂದ ಜಾಹೀರಾತು ‘ಹಬ್ಬಕ್ಕೆ ಇಮ್ಯುನಿಟಿ ಬೂಸ್ಟ್ ಮಾಡಿ, ಶೇಕಡ 40 ರಿಯಾಯಿತಿ’. ಜಗತ್ತು ಬ್ರೇಕಿಗೆ ಬಹುಮಾನ ಕೊಡ್ತಾ ಇದೆ, ನಾವು ಆಕ್ಸಿಲರೇಟರಿಗೆ ಕೂಪನ್ ಹುಡುಕ್ತಾ ಇದೀವಿ.

*

“ಸರಿ, ಆದ್ರೂ ನಿಜವಾದ ಬೂಸ್ಟರ್ ಒಂದು ಇದ್ರೆ ಹೇಗಿರುತ್ತೆ?” ಅಂತ ಕೇಳ್ತೀರಾ? ಇದೆ. ಕ್ಯಾನ್ಸರ್ ವಾರ್ಡಿನಲ್ಲಿ ಸಿಗುತ್ತೆ. ಚೆಕ್‌ಪಾಯಿಂಟ್ ಇನ್ಹಿಬಿಟರ್ ಅಂತ ಹೆಸರು. ಟಿ ಕಣಗಳ ಮೇಲಿರುವ ಪಿಡಿ-1, ಸಿಟಿಎಲ್‌ಎ-4 ಅನ್ನೋ ಬ್ರೇಕುಗಳನ್ನು ಇವು ಬಿಡಿಸುತ್ತವೆ. ಬಿಡುಗಡೆಯಾದ ಟಿ ಕಣಗಳು ಕ್ಯಾನ್ಸರ್ ಕಣಗಳನ್ನು ಕೊಲ್ಲುತ್ತವೆ. ಎಷ್ಟೋ ಜೀವ ಉಳಿಸಿದ ಔಷಧಿಗಳು. 2018ರಲ್ಲಿ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ ನೊಬೆಲ್ ತಂದುಕೊಟ್ಟದ್ದು ಇದರ ಹಿಂದಿನ ಕೆಲಸವೇ.

ಆದರೆ ಹೊಂಜೊ ಅವರ ತಂಡವೇ 2001ರಲ್ಲಿ ಇನ್ನೊಂದನ್ನು ತೋರಿಸಿತ್ತು. ಪಿಡಿ-1 ಇಲ್ಲದಂತೆ ಬೆಳೆಸಿದ ಒಂದು ತಳಿಯ ಇಲಿಗಳ ಹೃದಯ ಹಿಗ್ಗಿ, ಸೋತು, ಅವು ಸತ್ತವು. ಅವುಗಳ ರಕ್ತದಲ್ಲಿ ಹೃದಯದ ವಿರುದ್ಧವೇ ಆ್ಯಂಟಿಬಾಡಿಗಳಿದ್ದವು. ಆ ಆ್ಯಂಟಿಬಾಡಿಗಳು ಹಿಡಿದಿದ್ದು ಟ್ರೋಪೋನಿನ್ ಐ ಅನ್ನೋ ಪ್ರೋಟೀನನ್ನು ಅಂತ 2003ರಲ್ಲಿ ಗೊತ್ತಾಯಿತು. ಎದೆನೋವು ಅಂತ ಎಮರ್ಜೆನ್ಸಿಗೆ ಹೋದಾಗ ರಕ್ತ ತೆಗೆದು ನೋಡ್ತಾರಲ್ಲ, ಅದೇ ಟ್ರೋಪೋನಿನ್.

ಮನುಷ್ಯರಲ್ಲಿ? 2016ರಲ್ಲಿ, ಇಂಥ ಎರಡು ಔಷಧಿ ಒಟ್ಟಿಗೆ ಪಡೆದ ಇಬ್ಬರು ಚರ್ಮದ ಕ್ಯಾನ್ಸರ್ ರೋಗಿಗಳು ಹೃದಯದ ಸ್ನಾಯುವಿನ ತೀವ್ರ ಉರಿಯೂತದಿಂದ ತೀರಿಕೊಂಡ ವರದಿ ಬಂತು. ಅವರ ಹೃದಯದ ತುಂಬ ಟಿ ಕಣಗಳು. 2018ರಲ್ಲಿ ಜಗತ್ತಿನಾದ್ಯಂತ ವರದಿಯಾದ ಇಂಥ 101 ಪ್ರಕರಣಗಳನ್ನು ಒಟ್ಟುಹಾಕಿ ನೋಡಿದಾಗ ಸತ್ತವರು ಶೇಕಡ 46. ಈ ಅಡ್ಡಪರಿಣಾಮ ಅಪರೂಪ, ಔಷಧಿ ಪಡೆದವರಲ್ಲಿ ಹೆಚ್ಚೆಂದರೆ ನೂರಕ್ಕೆ ಒಬ್ಬರಿಗೆ ಬರಬಹುದು. ಆದರೆ ಬಂದರೆ ಹೀಗೆ. 2022ರಲ್ಲಿ ಸಂಶೋಧಕರು ಈ ಟಿ ಕಣಗಳು ಗುರಿಯಿಡೋದು ಯಾವ ಪ್ರೋಟೀನಿಗೆ ಅಂತ ಹುಡುಕಿದರು. ಉತ್ತರ, ಆಲ್ಫಾ ಮಯೋಸಿನ್. ಆ ಪರೀಕ್ಷೆ ಬರೆಯದ ವಿದ್ಯಾರ್ಥಿಗಳೇ!

ಈಗ ನಮ್ಮ ಪ್ಯಾಂಟ್ರಿಯ ಫ್ರಿಜ್ಜಿಗೆ ವಾಪಸ್ ಬನ್ನಿ. ಆ ಬಾಟಲಿಯ ಚೀಟಿ ನಿಜ ಆಗಿದ್ರೆ ಅದನ್ನ ಪ್ಯಾಂಟ್ರಿಯಲ್ಲಿ ಇಡೋ ಹಾಗೇ ಇಲ್ಲ. ಆಸ್ಪತ್ರೆಯಲ್ಲಿ, ಇಸಿಜಿ ನೋಡ್ಕೊಂಡು ಕೊಡಬೇಕು. ಚೀಟಿ ಸುಳ್ಳಾಗಿದ್ರೆ ಅದು ಶುಂಠಿ ರಸ, ಹತ್ತು ರೂಪಾಯಿಗೆ ಮನೇಲೇ ಆಗುತ್ತೆ. ಎರಡರಲ್ಲಿ ಯಾವುದು ಅಂತ ಮಾರೋರೇ ಹೇಳ್ಲಿ.

ಕೆಲವೊಮ್ಮೆ ಮೂರನೆಯದೂ ಒಂದಿರುತ್ತೆ. 2020ರಲ್ಲಿ ಆಯುಷ್ ಸಚಿವಾಲಯದ ಸಲಹೆ ಬಂದ ಮೇಲೆ ಕಷಾಯ, ಚ್ಯವನಪ್ರಾಶ ಮನೆಮನೆಗೆ ಹೋದವು, ಅವುಗಳ ಬೆನ್ನಿಗೇ ಅಮೃತಬಳ್ಳಿ. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿ ಯಕೃತ್ತು ಊದಿಕೊಂಡ ಆರು ಜನರ ಬಗ್ಗೆ ಬರೆದರು. ಸಚಿವಾಲಯ ಅದನ್ನು ಒಪ್ಪಲಿಲ್ಲ, ಅವರು ತಿಂದದ್ದು ಅದೇ ಬಳ್ಳಿನಾ ಅಂತ ಕೇಳಿತು. ಕೇಳಬೇಕಾದ ಪ್ರಶ್ನೆಯೇ. ಮರುವರ್ಷ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವಿವರ ಪ್ರಕಟವಾಯಿತು. ಹಲವರಲ್ಲಿ ಕಂಡದ್ದು ಆಟೊಇಮ್ಯೂನ್ ಲಕ್ಷಣದ ಹೆಪಟೈಟಿಸ್, ಅಂದರೆ ಸ್ವಂತ ಯಕೃತ್ತಿನ ಮೇಲೆ ಸ್ವಂತ ದೇಹದ ದಾಳಿ. ಎಲ್ಲರಿಗೂ ಹೀಗಾಗುತ್ತೆ ಅಂತ ನಾನು ಹೇಳ್ತಿಲ್ಲ. ಬಹಳ ಜನಕ್ಕೆ ಏನೂ ಆಗಲ್ಲ. ಆದರೆ ಆಟೊಇಮ್ಯೂನ್ ರೋಗ ಶುರುವಾಗಿದ್ದ ಒಂದು ಮಗುವಿಗೆ ನಾನು ಕೊಟ್ಟಿದ್ದು ಅದನ್ನೇ, ಏನೂ ಗೊತ್ತಿಲ್ಲದೆ, ಉದಾರವಾಗಿ.

*

ನೀವು ಹೇಳಬಹುದಾದ ಮಾತುಗಳು ನನಗೆ ಗೊತ್ತು. ಒಂದೊಂದಾಗಿ ನೋಡೋಣ.

“ನಮ್ಮಜ್ಜಿ ಕಷಾಯ ಕುಡಿದೇ ತೊಂಬತ್ತು ವರ್ಷ ಬದುಕಿದ್ರು.” ಒಳ್ಳೇದು. ನಮ್ಮಜ್ಜಿಯೂ ಮಾಡ್ತಿದ್ದರು, ನೆಗಡಿ ಬಂದಾಗ ನಾನೂ ಕುಡಿಯುತ್ತೀನಿ, ಗಂಟಲಿಗೆ ಹಿತ. ಆದ್ರೆ ಅಜ್ಜಿ ಅದನ್ನ ಇಮ್ಯುನಿಟಿ ಅಂತ ಕರೀಲಿಲ್ಲ. ಇನ್ನೂ ಒಂದು ವಿಷಯ. ಪತ್ರಿಕೆಗಳಲ್ಲಿ ನಾವು ಬರೆಯೋದು ‘ರೋಗನಿರೋಧಕ ಶಕ್ತಿ’ ಅಂತ. ಆ ‘ಶಕ್ತಿ’ಯೇ ನಮ್ಮ ದಾರಿ ತಪ್ಪಿಸಿದ್ದು, ಶಕ್ತಿ ಅಂದ ಕೂಡಲೇ ಹೆಚ್ಚಿಸೋಣ ಅನ್ನಿಸುತ್ತೆ. ಆಯುರ್ವೇದದವರು ಬಳಸೋ ಪದ ‘ವ್ಯಾಧಿಕ್ಷಮತ್ವ’. ಅದರೊಳಗೆ ಕ್ಷಮೆಯ ಧಾತುವೇ ಇದೆ, ತಾಳಿಕೊಳ್ಳೋದು, ಸಹಿಸಿಕೊಳ್ಳೋದು. ಪರಂಪರೆಯ ಹೆಸರಲ್ಲಿ ಮಾರೋರಿಗೆ ಆ ಪದ ಮಾತ್ರ ಬೇಡವಾಯಿತು.

“ಹಾಗಾದ್ರೆ ಲಸಿಕೆಯೂ ಬೂಸ್ಟರ್ ತಾನೇ?” ಲಸಿಕೆ ಬಲ ಕೊಡೋದಿಲ್ಲ, ಒಬ್ಬ ಕಳ್ಳನ ಮುಖ ಪರಿಚಯ ಮಾಡಿಸುತ್ತದೆ. ಫೈಜರ್, ಮಾಡರ್ನಾದ ಎಂಆರ್‌ಎನ್‌ಎ ಲಸಿಕೆಗಳಿಂದ ಹೃದಯದ ಸ್ನಾಯುವಿನ ಉರಿಯೂತ ಬಂದದ್ದು ನಿಜ. ಬಂದದ್ದು ಅಪರೂಪಕ್ಕೆ, ಹೆಚ್ಚಾಗಿ ಎರಡನೇ ಡೋಸಿನ ನಂತರ ಯುವಕರಲ್ಲಿ, ಬಹುಪಾಲು ಜನರಲ್ಲಿ ಸೌಮ್ಯವಾಗಿ. ಆದರೆ ನಮ್ಮ ದೇಶದಲ್ಲಿ ಹೆಚ್ಚಿನವರು ಹಾಕಿಸಿಕೊಂಡದ್ದು ಕೋವಿಶೀಲ್ಡ್, ಕೋವ್ಯಾಕ್ಸಿನ್. ಎರಡೂ ಆ ಜಾತಿಯವಲ್ಲ. 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದಾಗ ಇದನ್ನೆಲ್ಲ ಕಲಸಿ ಒಂದೇ ಪಾತ್ರೆಗೆ ಹಾಕಿದರು. ರಕ್ತನಾಳ ಕಟ್ಟಿಕೊಂಡು ಆಗೋ ಹೃದಯಾಘಾತ ಬೇರೆ, ಸ್ನಾಯುವಿನ ಉರಿಯೂತ ಬೇರೆ. ಸರ್ಕಾರ ನೇಮಿಸಿದ ತಜ್ಞರ ಸಮಿತಿಗೂ ಲಸಿಕೆಯ ನಂಟು ಕಾಣಲಿಲ್ಲ. ನಮಗೆ ಇಮ್ಯುನಿಟಿ ಅಂದ್ರೆ ಒಂದೋ ದೇವರು, ಇಲ್ಲಾ ದೆವ್ವ.

“ಸರಿ, ಹಾಗಾದ್ರೆ ಇಮ್ಯುನಿಟಿ ತಗ್ಗಿಸಿಬಿಟ್ರೆ ಆಯ್ತಲ್ಲ?” ಅದೂ ಅಷ್ಟು ಸುಲಭವಿಲ್ಲ. ಹೃದಯದ ಸ್ನಾಯುವಿನ ಉರಿಯೂತ ಇದ್ದ 111 ಜನರ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ, ಇಮ್ಯುನಿಟಿ ತಗ್ಗಿಸುವ ಔಷಧಿ ಕೊಟ್ಟರೂ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. 2009ರಲ್ಲಿ ಇಟಲಿಯವರು, ಹೃದಯದ ತುಣುಕು ತೆಗೆದು ನೋಡಿ ಅದರಲ್ಲಿ ವೈರಸ್ ಇಲ್ಲ ಅಂತ ಖಚಿತವಾದ 85 ಜನರನ್ನು ಮಾತ್ರ ಆಯ್ದುಕೊಂಡು ಅದೇ ಬಗೆಯ ಚಿಕಿತ್ಸೆ ಪರೀಕ್ಷಿಸಿದರು. ಔಷಧಿ ಸಿಕ್ಕವರಲ್ಲಿ ಹೆಚ್ಚಿನವರ ಹೃದಯ ಚೇತರಿಸಿಕೊಂಡಿತು. ವೈರಸ್ ಇನ್ನೂ ಒಳಗಿದ್ದಾಗ ಕಾವಲನ್ನು ತಗ್ಗಿಸಿದರೆ ವೈರಸ್ಸಿಗೆ ಹಬ್ಬ. ವೈರಸ್ ಹೋದ ಮೇಲೂ ಹೊಡೆತ ನಿಲ್ಲದಿದ್ದರೆ ಆಗ ತಗ್ಗಿಸಬೇಕು. ಒಳಗೆ ಏನು ನಡೀತಿದೆ ಅಂತ ನೋಡದೆ ಹೆಚ್ಚಿಸೋದೂ ಮೂರ್ಖತನ, ತಗ್ಗಿಸೋದೂ ಮೂರ್ಖತನ. ಆ ಡಾಕ್ಟರು ಎಕೋ ಮಾಡಿಸಿ ಮಾತಾಡಿದರು. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಮಾತಾಡಿದ್ದೆ.

*

ಪವಿತ್ರಳಿಗೆ ನಿಜಕ್ಕೂ ಬೇಕಿದ್ದದ್ದು ಏನು ಗೊತ್ತಾ? ಮೊದಲ ದಿನಗಳಲ್ಲೇ ಗಂಟಲು ನೋಡಿ ಕೊಡೋ ಪೆನ್ಸಿಲಿನ್. ಗಂಟಲು ನೋವು ಶುರುವಾಗಿ ಒಂಬತ್ತು ದಿನದೊಳಗೆ ಸರಿಯಾದ ಆ್ಯಂಟಿಬಯೋಟಿಕ್ ಬಿದ್ದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಅಮೆರಿಕದ ವಾಯೋಮಿಂಗಿನ ಸೇನಾ ನೆಲೆಯೊಂದರಲ್ಲಿ ಗಂಟಲು ನೋವು ಬಂದ ಯೋಧರಿಗೆ ಪೆನ್ಸಿಲಿನ್ ಕೊಟ್ಟು ಇದನ್ನು ತೋರಿಸಿದ್ದು 1950ರಲ್ಲಿ. ಎಪ್ಪತ್ತೈದು ವರ್ಷ ಆಯ್ತು! ಶ್ರೀಮಂತ ದೇಶಗಳಲ್ಲಿ ಈ ರೋಗ ಪೆನ್ಸಿಲಿನ್ ಬರುವುದಕ್ಕೂ ಮೊದಲೇ ಇಳಿಯತೊಡಗಿತ್ತು, ಮನೆಗಳು ದೊಡ್ಡದಾದದ್ದರಿಂದ, ಒಂದೇ ಕೋಣೆಯಲ್ಲಿ ಆರು ಜನ ಮಲಗೋದು ತಪ್ಪಿದ್ದರಿಂದ. ಪೆನ್ಸಿಲಿನ್ ಬಂದ ಮೇಲೆ ಹೆಚ್ಚುಕಡಿಮೆ ಮರೆಯಾಯಿತು. 2015ರ ಅಂದಾಜಿನಂತೆ ರುಮ್ಯಾಟಿಕ್ ಹೃದ್ರೋಗದಿಂದ ಜಗತ್ತಿನಲ್ಲಿ ಸತ್ತವರು 3,19,400. ಅವರಲ್ಲಿ 1,19,100 ಜನ ಭಾರತದವರು. ಯಾವ ದೇಶಕ್ಕಿಂತಲೂ ಹೆಚ್ಚು.

ರೋಗ ಬಂದ ಮೇಲೂ ದಾರಿ ಮುಚ್ಚಿಲ್ಲ. ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಬೆಂಜಥೀನ್ ಪೆನ್ಸಿಲಿನ್ ಇಂಜೆಕ್ಷನ್, ಕನಿಷ್ಠ ಹತ್ತು ವರ್ಷ, ಕೆಲವರಿಗೆ ನಲವತ್ತರ ವಯಸ್ಸಿನವರೆಗೆ. ಗಂಟಲಿಗೆ ಸ್ಟ್ರೆಪ್ಟೋಕಾಕಸ್ ಮತ್ತೆ ಬರದಿದ್ದರೆ ಆ್ಯಂಟಿಬಾಡಿಗಳಿಗೆ ಮತ್ತೆ ಸಿಟ್ಟೇರುವ ಕಾರಣವಿಲ್ಲ. ಉಗಾಂಡದಲ್ಲಿ ಲಕ್ಷಣ ಕಾಣಿಸದ ಆರಂಭಿಕ ಹಂತದ 818 ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿದರು. ಎರಡು ವರ್ಷದಲ್ಲಿ ರೋಗ ಬಲಿತದ್ದು ಇಂಜೆಕ್ಷನ್ ಪಡೆದವರಲ್ಲಿ ಶೇಕಡ 0.8, ಪಡೆಯದವರಲ್ಲಿ ಶೇಕಡ 8.2. ಹತ್ತು ಪಟ್ಟು ವ್ಯತ್ಯಾಸ. ಯಾವ ಶಾಟ್‌ನ ಚೀಟಿಯ ಮೇಲೆ ಇಂಥ ಒಂದು ಅಂಕಿ ಇದೆ, ತೋರಿಸಿ ನೋಡೋಣ.

ಆದರೆ ಇದು ಪೇಟೆಂಟು ಮುಗಿದ, ಅಗ್ಗದ, ಚುಚ್ಚಿದರೆ ಸೊಂಟ ಹಿಡಿದುಹೋಗುವಷ್ಟು ನೋಯುವ ಹಳೇ ಇಂಜೆಕ್ಷನ್. ಇದರಲ್ಲಿ ಲಾಭ ಕಡಿಮೆ, ಹಾಗಾಗಿ ತಯಾರಿಸೋರೂ ಕಡಿಮೆ. ಹಲವು ದೇಶಗಳಲ್ಲಿ ಆಗಾಗ ಸ್ಟಾಕೇ ಇರಲ್ಲ. ಅಲರ್ಜಿಯ ಭಯಕ್ಕೆ ಚುಚ್ಚೋಕೆ ಹಿಂಜರಿಯೋ ಕ್ಲಿನಿಕ್ಕುಗಳೂ ಇವೆ. 2018ರಲ್ಲಿ ವಿಶ್ವ ಆರೋಗ್ಯ ಸಭೆ ಈ ರೋಗದ ಬಗ್ಗೆ ನಿರ್ಣಯವನ್ನೇ ಮಾಡಿತು. ಪವಿತ್ರಳ ಇಂಜೆಕ್ಷನ್ನಿಗೆ ನಾನು ಒಂದು ಶನಿವಾರ ನಾಲ್ಕು ಮೆಡಿಕಲ್ ಸ್ಟೋರ್ ಸುತ್ತಿದೆ. ನಾಲ್ಕರಲ್ಲೂ ಕೌಂಟರಿನ ಮೇಲೆ, ಕಣ್ಣೆದುರಿಗೆ, ಇಮ್ಯುನಿಟಿ ಗಮ್ಮಿಗಳ ಡಬ್ಬಿ ಇತ್ತು. ಪೆನ್ಸಿಲಿನ್ ಸಿಕ್ಕಿದ್ದು ಐದನೆಯದರಲ್ಲಿ.

ಇಮ್ಯುನಿಟಿ ವ್ಯಾಪಾರದ ಮೇಲೆ ನನ್ನ ನಿಜವಾದ ದೂರು ಇದು. ನಮ್ಮ ದುಡ್ಡು ಹಾಳಾಗೋದು ಇರ್ಲಿ ಬಿಡಿ, ನಾವು ಅದಕ್ಕಿಂತ ದಡ್ಡತನದ ವಿಷಯಕ್ಕೆ ಖರ್ಚು ಮಾಡ್ತೀವಿ. ಆದರೆ ಅದು ಆರೋಗ್ಯವನ್ನ ಒಬ್ಬೊಬ್ಬರ ಮೈಯೊಳಗಿನ ‘ಶಕ್ತಿ’ ಮಾಡಿಬಿಟ್ಟಿತು. ರೋಗ ಬಂದವರು ವೀಕು, ಬರದೇ ಇರೋರು ಸ್ಟ್ರಾಂಗು. ಒಂದು ಕೋಣೆಯಲ್ಲಿ ಆರು ಜನ ಮಲಗೋದು, ಬೆಳಗ್ಗೆ ಐದು ಮನೆ ಅಡುಗೆಗೆ ಹೋಗೋ ತಾಯಿಗೆ ಮಗಳನ್ನ ಆಸ್ಪತ್ರೆಗೆ ಕರೆದೊಯ್ಯೋಕೆ ರಜೆ ಸಿಗದಿರೋದು, ಇವೆಲ್ಲ ಲೆಕ್ಕದಿಂದಲೇ ಹೊರಗೆ. ಆ ರಜೆ ಕೊಡದಿದ್ದವರಲ್ಲಿ ಒಬ್ಬಳು ನಾನು. ಅದರ ಬದಲು ಸಿರಪ್ಪು ಕೊಟ್ಟೆ.

*

ಹಾಗಾದ್ರೆ ಏನು ಮಾಡಬೇಕು ಅಂತ ಕೇಳೋರಿಗೆ ಚಿಕ್ಕ ಪಟ್ಟಿ. ಮಗುವಿಗೆ ಜ್ವರದ ಜೊತೆ ಗಂಟಲು ನೋವಿದ್ದು, ಕೆಮ್ಮು ನೆಗಡಿ ಇಲ್ಲದಿದ್ದರೆ ಡಾಕ್ಟರಿಗೆ ಗಂಟಲು ತೋರಿಸಿ. ಹೆಚ್ಚಿನ ಗಂಟಲು ನೋವು ವೈರಸ್ಸಿನಿಂದ ಬರೋದು, ಅದಕ್ಕೆ ಆ್ಯಂಟಿಬಯೋಟಿಕ್ ಬೇಡ. ಹಾಗಾಗಿ ಮೆಡಿಕಲ್ ಸ್ಟೋರಿನಲ್ಲಿ ನೀವೇ ಕೇಳಿ ತಗೋಬೇಡಿ. ಗಂಟಲು ನೋವು ಹೋದ ಕೆಲ ವಾರಕ್ಕೆ ಕೀಲಿನಿಂದ ಕೀಲಿಗೆ ಓಡಾಡುವ ನೋವು ಬಂದರೆ “ಹಾರ್ಟೂ ಒಮ್ಮೆ ನೋಡಿ” ಅಂತ ಬಾಯಿಬಿಟ್ಟು ಕೇಳಿ. ಇದು ನಿಮ್ಮ ಮಕ್ಕಳಿಗೆ ಬರೋ ಸಾಧ್ಯತೆ ಕಡಿಮೆ. ನಿಮ್ಮ ಮನೆ ಒರೆಸೋರ, ಕಾರು ತೊಳೆಯೋರ, ಗೇಟು ಕಾಯೋರ ಮಕ್ಕಳಿಗೆ ಬರೋ ಸಾಧ್ಯತೆ ಹೆಚ್ಚು. ಅವರನ್ನ ಕೇಳಿ. ರಜೆ ಕೊಡಿ, ಸಂಬಳ ಹಿಡಿಯದೆ ಕೊಡಿ.

ನಮ್ಮ ಆಫೀಸಿನ ಎಚ್‌ಆರ್‌ಗೆ ನಿನ್ನೆ ಮೇಲ್ ಹಾಕಿದ್ದೀನಿ. ಮುಂದಿನ ವೆಲ್‌ನೆಸ್ ತಿಂಗಳ ಬಜೆಟ್ಟಿನಲ್ಲಿ ನಮ್ಮ ಹೌಸ್‌ಕೀಪಿಂಗ್, ಸೆಕ್ಯೂರಿಟಿಯವರ ಮಕ್ಕಳಿಗೆ ಒಂದು ದಿನದ ಎಕೋ ಕ್ಯಾಂಪ್ ಮಾಡಿಸಿ ಅಂತ. ‘ನೋಟೆಡ್, ಥ್ಯಾಂಕ್ಸ್’ ಅಂತ ಉತ್ತರ ಬಂದಿದೆ. ಬಿಡೋದಿಲ್ಲ, ಮತ್ತೆ ಹಾಕ್ತೀನಿ. ನೀವೂ ನಿಮ್ಮಲ್ಲಿ ಹಾಕಿ.

ಪವಿತ್ರಳಿಗೆ ಈಗ 13. ಇದುವರೆಗೆ 30 ಇಂಜೆಕ್ಷನ್ ಮೇಲಾಗಿದೆ. ಸೋರಿಕೆ ಇದೆ, ಆದರೆ ಹೆಚ್ಚಾಗಿಲ್ಲ ಅಂತ ಕಳೆದ ಎಕೋದಲ್ಲಿ ಬಂತು. ಆಪರೇಷನ್ ಬೇಕಾಗುತ್ತಾ ಇಲ್ಲವಾ ಅಂತ ಈಗಲೇ ಹೇಳೋಕಾಗಲ್ಲ ಅಂದಿದ್ದಾರೆ. ನನ್ನ ಫೋನಿನ ಕ್ಯಾಲೆಂಡರಿನಲ್ಲಿ 21 ದಿನಕ್ಕೊಮ್ಮೆ ಒಂದು ಅಲಾರಂ ಇದೆ. ಅವತ್ತು ಲಕ್ಷ್ಮಮ್ಮ ಬರಲ್ಲ, ನಾನೇ ಉಪ್ಪಿಟ್ಟು ಕೆದಕ್ತೀನಿ. ಮುಂದಿನ ಸರದಿ ಬರೋ ಗುರುವಾರ.